ಎರಡನೇ ಟ್ಯಾಂಕಿನ ಆಲ್ಬಮ್

ನಮ್ಮ ನೀರು ಸರಬರಾಜು ಇಲಾಖೆಯು ತನ್ನ ಸುದೀರ್ಘ ಸೇವಾವಧಿಯಲ್ಲಿ ಒಂದೇ ಒಂದು ಸೈಕೆಡೆಲಿಕ್ ರಾಕ್ ಆಲ್ಬಮನ್ನು ಹೊರತಂದಿದ್ದು, ಅದು ಇಂದಿಗೂ ಇಲಾಖೆಯ ಅತ್ಯಂತ ಯಶಸ್ವಿ ಕಾಮಗಾರಿಯಾಗಿದೆ. ಪಕ್ಕದ ಕಟ್ಟಡದ ವಿದ್ಯುತ್ ಇಲಾಖೆಯವರು ಎಷ್ಟೇ ಬೀಗಲಿ, ಅವರಿಂದ ಇದುವರೆಗೆ ಒಂದು ಹಾಡೂ ಬಂದಿಲ್ಲ. ಆಲ್ಬಮಿನ ವಾರ್ಷಿಕೋತ್ಸವದ ಅಂಗವಾಗಿ ಅದರ ಹುಟ್ಟು ಮತ್ತು ಬೆಳವಣಿಗೆಯನ್ನು ಸಾರ್ವಜನಿಕರ ಅವಗಾಹನೆಗೆ ತರುವಂತೆ ಪ್ರಚಾರ ಶಾಖೆಯವನಾದ ನನಗೆ ಆದೇಶವಾಗಿದೆ. ಶಾಖೆಯ ಉಳಿದವರು ರಜೆಯಲ್ಲಿದ್ದರು.

ಮೊದಲಿಗೆ ಟ್ಯಾಂಕಿನ ವಿಚಾರ. ಊರಿನ ಏರಿನಲ್ಲಿ, ಮೇಲಿನ ಬೀದಿಯ ನೆತ್ತಿಯ ಮೇಲೆ, ಕಾಂಕ್ರೀಟ್ ಕಂಬಗಳ ಮೇಲೆ ಕೂತಿರುವ ದುಂಡನೆಯ ಟ್ಯಾಂಕೇ ನಮ್ಮ ಎರಡನೇ ಟ್ಯಾಂಕು. ಅದು ಮೇಲಿನ ಬೀದಿಗೆ ಮಾತ್ರ ನೀರು ಕೊಡುತ್ತದೆ, ಅಥವಾ ಕೊಡುತ್ತಿತ್ತು. ಹಿಂದಿನ ಸಾಹೇಬರು ಒಮ್ಮೆ ಏಣಿ ಹತ್ತಿ ಒಳಗೆ ಇಣುಕಿ, ಪಾಚಿ ಕಂಡು, ಟ್ಯಾಂಕು ಬರಿದು ಮಾಡಿ ತೊಳೆಯಲು ಆದೇಶಿಸಿದರು. ತೊಳೆದದ್ದೂ ಆಯಿತು. ಆದರೆ ತೊಳೆದ ಟ್ಯಾಂಕಿಗೆ ಮತ್ತೆ ನೀರು ಬಿಡಬೇಕಾದರೆ, ಅದು ಸ್ವಚ್ಛವಾಗಿದೆ ಎಂಬ ಪ್ರಮಾಣಪತ್ರಕ್ಕೆ ಸಹಿ ಬೇಕು. ಸಹಿ ಆಗುವಷ್ಟರಲ್ಲಿ ಹಿಂದಿನ ಸಾಹೇಬರು ಬಡ್ತಿ ಸಿಕ್ಕಿ ಬೇರೆ ಊರಿಗೆ ಹೊರಟುಹೋದರು. ಅವರ ಜಾಗಕ್ಕೆ ಹೊಸ ಸಾಹೇಬರು ಬಂದರು. ಹೊಸ ಸಾಹೇಬರೂ ಏಣಿ ಹತ್ತಿ ಇಣುಕಿದರು.

"ಈಗ ಕ್ಲೀನಾಗಿದೆ, ಒಪ್ಪಿದೆ" ಎಂದರು. "ಆದ್ರೆ ಮುಂಚೆ ಕೊಳೆ ಇತ್ತು ಅನ್ನೋದನ್ನ ನಾನು ನೋಡಿಲ್ವಲ್ಲ. ಕೊಳೆ ನೋಡದೋನು ಕ್ಲೀನಾಗಿದೆ ಅಂತ ಹೇಗಪ್ಪಾ ಸೈನ್ ಹಾಕೋದು?"

ಟ್ಯಾಂಕನ್ನು ಮತ್ತೊಮ್ಮೆ ಕೊಳೆ ಮಾಡಿ, ಹೊಸ ಸಾಹೇಬರಿಗೆ ತೋರಿಸಿ, ಮತ್ತೆ ತೊಳೆಯುವ ಪ್ರಸ್ತಾವನೆಯೊಂದು ಮೇಲಕ್ಕೆ ಹೋಯಿತು. ಯಾವ ದರ್ಜೆಯ ಕೊಳೆ ಎಂದು ಮೇಲಿನವರು ಸ್ಪಷ್ಟೀಕರಣ ಕೇಳಿದರು. ಆ ಪತ್ರ ವ್ಯವಹಾರ ಸೌಹಾರ್ದದಿಂದ ನಡೆಯುತ್ತಲೇ ಇದೆ.

ಇತ್ತ ಟ್ಯಾಂಕಿನ ಕೆಳಗೆ 'ಕಾಮಗಾರಿ ಪ್ರಗತಿಯಲ್ಲಿದೆ' ಎಂಬ ಫಲಕ ಹಾಕಲಾಯಿತು. ಫಲಕ ಹಾಕಿದ ಮೇಲೆ ಕಾಮಗಾರಿಗೆ ಜನ ಇರಬೇಕು, ಇಲ್ಲದಿದ್ದರೆ ಫಲಕ ಸುಳ್ಳಾಗುತ್ತದೆ. ನಮ್ಮ ಇಲಾಖೆ ಸುಳ್ಳು ಫಲಕ ಹಾಕುವ ಇಲಾಖೆಯಲ್ಲ. ಹಾಗಾಗಿ ಕೈಯಲ್ಲಿ ಕೆಲಸವಿಲ್ಲದ ಮೂವರನ್ನು ಖಾಲಿ ಟ್ಯಾಂಕಿನ ಒಳಗೆ ನಿಯೋಜಿಸಲಾಯಿತು. ಒಬ್ಬ, ಮೇಲಿನ ಬೀದಿಯ ಮೀಟರ್ ಓದುವವನು. ಅವನನ್ನು ಎಲ್ಲರೂ ಮೀಟರ್ ಎಂದೇ ಕರೆಯುತ್ತಾರೆ. ನೀರಿಲ್ಲದ ಬೀದಿಯಲ್ಲಿ ಮುಳ್ಳು ತಿರುಗುವುದಿಲ್ಲವಾದ್ದರಿಂದ ಅವನಿಗೆ ಓದಲು ಏನೂ ಇರಲಿಲ್ಲ. ಇನ್ನೊಬ್ಬ ಫಿಟರ್. ಮೂರನೆಯವನು ಸೋರಿಕೆ ಹುಡುಕುವವನು. ಈತನ ಕೆಲಸ ಏನೆಂದರೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ರಸ್ತೆಯ ಮೇಲೆ ಇಲಾಖೆಯ ಮೈಕನ್ನು ಇಟ್ಟು, ನೆಲದಡಿಯ ಪೈಪಿನಲ್ಲಿ ನೀರು ಎಲ್ಲಿ ಸೋರುತ್ತಿದೆ ಎಂದು ಆಲಿಸುವುದು. ಹರಿಯದ ನೀರು ಸೋರುವುದೂ ಇಲ್ಲ, ಆದ್ದರಿಂದ ಅವನೂ ಖಾಲಿ. ಈತ ಮೇಲಿನ ಬೀದಿಯ ಲಾಂಡ್ರಿ ನಡೆಸುವ ಹೆಂಗಸಿನ ಅಳಿಯ. ಅಳಿಯ ಅತ್ತೆ ಅತ್ತೆ ಎನ್ನುವುದನ್ನು ಕೇಳಿ ಕೇಳಿ ಊರೆಲ್ಲ ಆಕೆಯನ್ನು ಲಾಂಡ್ರಿ ಅತ್ತೆ ಎಂದೇ ಕರೆಯುತ್ತಿತ್ತು. ನಮ್ಮ ಕಡತದಲ್ಲೂ ಹಾಗೇ ಇದೆ.

ರಾಕ್ ಸಂಗೀತ ಶುರುವಾದದ್ದು ಒಂದು ಸ್ಪ್ಯಾನರಿನಿಂದ. ಫಿಟರನ ಕೈಜಾರಿ ಅದು ಟ್ಯಾಂಕಿನ ತಳಕ್ಕೆ ಬಿತ್ತು. ಠಣ್ ಎಂದ ಸದ್ದು ಗೋಡೆಯನ್ನು ಸುತ್ತಿ ಸುತ್ತಿ, ಒಮ್ಮೆ ದಪ್ಪವಾಗಿ, ಒಮ್ಮೆ ತೆಳ್ಳಗಾಗಿ, ಹಿಂದು ಮುಂದಾಗಿ, ಮೂವರೂ ಊಟ ಮುಗಿಸಿ ಡಬ್ಬಿ ಮುಚ್ಚುವವರೆಗೂ ನಿಲ್ಲಲಿಲ್ಲ. ಮೀಟರ್ ತಲೆಯೆತ್ತಿ ಕೇಳುತ್ತಾ ಕೂತಿದ್ದವನು, ಇಷ್ಟು ದಿನ ತಾನು ಹುಡುಕುತ್ತಿದ್ದದ್ದು ಇದನ್ನೇ ಎಂದನಂತೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ, ಯೌವನದಲ್ಲಿ ಗಿಟಾರ್ ಹೊತ್ತು ಊರೂರು ಅಲೆದಿದ್ದ ಪ್ರಾಣಿ ಅದು. ಮರುದಿನ ಗಿಟಾರ್ ಬಂತು. ನೌಕರರ ಕ್ಲಬ್ಬಿನ ಡ್ರಮ್ಮು ಟ್ಯಾಂಕಿನ ಬಾಯಲ್ಲಿ ಹಿಡಿಸದ ಕಾರಣ ಫಿಟರ್ ತನ್ನ ಬಳಿ ಇದ್ದ ಪೈಪಿನ ತುಂಡು, ವಾಲ್ವಿನ ಮುಚ್ಚಳ, ಮೀಟರಿನ ಕಬ್ಬಿಣದ ಪೆಟ್ಟಿಗೆಗಳನ್ನೇ ಜೋಡಿಸಿಕೊಂಡ. ಅಳಿಯ ಸೋರಿಕೆಯ ಮೈಕನ್ನು ಟ್ಯಾಂಕಿನ ಗೋಡೆಗೆ ಅಂಟಿಸಿ, ಹೆಡ್‌ಫೋನ್ ಹಾಕಿ, ಧ್ವನಿಮುದ್ರಣಕ್ಕೆ ಕೂತ. ಸಂಗೀತಗಾರರು ಮತ್ತಿನ ಪದಾರ್ಥ ಸೇವಿಸಿದ್ದರು ಎಂದು ಕೆಲವು ಪತ್ರಿಕೆಗಳು ಬರೆದಿವೆ. ಇಲಾಖೆ ಇದನ್ನು ಖಂಡಿಸುತ್ತದೆ. ಅಲ್ಲಿದ್ದದ್ದು ತೊಳೆದಾಗ ಉಳಿದ ಬ್ಲೀಚಿಂಗ್ ಪೌಡರಿನ ವಾಸನೆ ಮಾತ್ರ. ಅದರಿಂದ ತಲೆ ತಿರುಗಿದ್ದರೆ ಅದು ಕರ್ತವ್ಯದ ಭಾಗ.

ಈಗ ಯಾರೂ ಊಹಿಸದ ಒಂದು ಸಂಗತಿ ನಡೆಯಿತು. ಖಾಲಿ ಟ್ಯಾಂಕಿನಿಂದ ಖಾಲಿ ಪೈಪು ಇಳಿದು, ಖಾಲಿ ಪೈಪಿನಿಂದ ಮೇಲಿನ ಬೀದಿಯ ಖಾಲಿ ನಲ್ಲಿಗಳಿಗೆ ದಾರಿ ಇತ್ತು. ಬೆಳಿಗ್ಗೆ ನೀರಿನ ಹೊತ್ತಿಗೆ ಜನ ಬಕೆಟ್ ಇಟ್ಟು ನಲ್ಲಿ ತಿರುಗಿಸಿದರೆ ಗಿಟಾರ್ ಬಂತು. ದರ್ಜಿಯ ಮನೆಯಲ್ಲಿ ಸಣ್ಣಗೆ ಬಂತು, ಕ್ಷೌರಿಕನ ಅಂಗಡಿಯಲ್ಲಿ ಜೋರಾಗಿ ಬಂತು, ಟ್ಯಾಂಕಿಗೆ ತೀರ ಹತ್ತಿರದಲ್ಲಿದ್ದ ಲಾಂಡ್ರಿಯಲ್ಲಂತೂ ಬಕೆಟ್ಟೇ ನಡುಗಿತು. ದೂರುಗಳು ಬಂದವು. ಹೊಸ ಸಾಹೇಬರು ಮೂವರನ್ನೂ ಕರೆಸಿ ಏನು ನಡೆಯುತ್ತಿದೆ ಎಂದು ವಿಚಾರಿಸಿದರು. ಸೈಕೆಡೆಲಿಕ್ ರಾಕ್ ಎಂದು ಮೀಟರ್ ವಿನಯದಿಂದ ಉತ್ತರಿಸಿದ.

"ಹಾಗಂದ್ರೆ ಏನು?"

"ಸಾರ್, ಕೇಳ್ತಾ ಕೇಳ್ತಾ ಗೋಡೆ ಎಲ್ಲಾ ಕರಗಿ ಹರಿದ ಹಾಗೆ ಅನ್ನಿಸ್ಬೇಕು ಸಾರ್."

ಸಾಹೇಬರು ಕುರ್ಚಿಯಿಂದ ಅರ್ಧ ಎದ್ದರು. "ಯಾವ ಗೋಡೆ? ಟ್ಯಾಂಕಿನದಾ?"

"ಮನಸ್ಸಿನ ಗೋಡೆ ಸಾರ್."

"ಅದು ನಮ್ಮ ವ್ಯಾಪ್ತಿಗೆ ಬರಲ್ಲ. ಮುಂದುವರಿಸಿ."

ಹೀಗೆ ಅನುಮತಿ ಸಿಕ್ಕಿತು. ಆದರೆ ಕಾಮಗಾರಿಗೆ ಈಗಾಗಲೇ ಒಂದು ಹೆಸರಿದ್ದು, ಹೆಸರು ಬದಲಿಸಿದರೆ ಹೊಸ ಮಂಜೂರಾತಿ ಬೇಕಾಗುತ್ತಿತ್ತು. ಆದಕಾರಣ ಆಲ್ಬಮಿಗೂ 'ಕಾಮಗಾರಿ ಪ್ರಗತಿಯಲ್ಲಿದೆ' ಎಂದೇ ಹೆಸರಿಡಲಾಯಿತು. ಹಾಡುಗಳ ಹೆಸರುಗಳೂ ಇಲಾಖೆಯ ಶಬ್ದಕೋಶದ ಒಳಗೇ ಇರಬೇಕೆಂಬ ಷರತ್ತಿನ ಮೇರೆಗೆ 'ಒಳಹರಿವು', 'ಮಟ್ಟಸೂಚಕ', 'ವಾಲ್ವ್ ತಿರುಗಿಸುವವನ ಕನಸು' ಎಂಬ ಹಾಡುಗಳು ಸಿದ್ಧವಾದವು. ಕೊನೆಯ ಹಾಡು 'ಮುಖ್ಯ ಕೊಳವೆ' ಮಾತ್ರ ಎಷ್ಟು ಮಾಡಿದರೂ ಮುಗಿಯುತ್ತಿರಲಿಲ್ಲ. ಅದಕ್ಕೆ ಏನೋ ಕಡಿಮೆಯಾಗಿದೆ ಎಂದು ಮೀಟರ್ ಗಡ್ಡ ಕೆರೆದುಕೊಳ್ಳುತ್ತಿದ್ದ.

ಕಡಿಮೆಯಾಗಿದ್ದದ್ದು ಏನೆಂದು ಲಾಂಡ್ರಿ ಅತ್ತೆಗೆ ಗೊತ್ತಿತ್ತು. ನೀರು. ಆಕೆಯ ಅಂಗಡಿಗೆ ಬರುವುದು ಬಹುಪಾಲು ಬಸ್ ನಿಲ್ದಾಣದ ಎದುರಿನ ಲಾಡ್ಜಿನ ಚಾದರ, ದಿಂಬಿನ ಚೀಲ. ನಲ್ಲಿ ನಿಂತ ಮೇಲೆ ಆಕೆ ಕೆಳಗಿನ ಬೀದಿಗೆ ಹೋಗಿ, ಅಲ್ಲಿಯವರ ಗೊಣಗಾಟ ಕೇಳಿಸಿಕೊಂಡು, ಕ್ಯಾನುಗಳಲ್ಲಿ ನೀರು ಹೊತ್ತು ಏರು ಹತ್ತುತ್ತಿದ್ದಳು. ಚಾದರ ತಡವಾದರೆ ಬೇರೆ ಲಾಂಡ್ರಿ ನೋಡಿಕೊಳ್ಳುತ್ತೇನೆ ಎಂದು ಲಾಡ್ಜಿನ ಮ್ಯಾನೇಜರ್ ಹೇಳಿಕಳಿಸಿದ್ದ. ಆ ಚಾದರಗಳು ಹೋದರೆ ಅಂಗಡಿ ಬಾಗಿಲು ಮುಚ್ಚಿದ ಹಾಗೇ. ಅಳಿಯನಿಗೆ ಹೇಳಿದಳು. ಅವನು ಮನೆಗೆ ಮಾರಿ ಊರಿಗೆ ಉಪಕಾರಿ. ಊರಿನ ಸೋರಿಕೆಯೆಲ್ಲ ಕೇಳುವ ಕಿವಿಗೆ ಅತ್ತೆಯ ಮಾತು ಕೇಳಲಿಲ್ಲ. ಇಲಾಖೆಗೆ ದೂರು ಕೊಟ್ಟಳು. ಇಲಾಖೆಯ ಉತ್ತರ ಸಕಾಲದಲ್ಲಿ ತಲುಪಿತು. ಅದನ್ನು ಬರೆದದ್ದು ನಾನೇ ಆದ್ದರಿಂದ ಹೆಮ್ಮೆಯಿಂದ ಇಲ್ಲಿ ಕೊಡುತ್ತಿದ್ದೇನೆ:

'ತಮ್ಮ ನಲ್ಲಿಯಲ್ಲಿ ಪ್ರತಿದಿನ ನಿಗದಿತ ವೇಳೆಗೆ ಸರಬರಾಜು ಆಗುತ್ತಿರುವುದನ್ನು ತಾವೇ ದೂರಿನಲ್ಲಿ ಒಪ್ಪಿಕೊಂಡಿರುತ್ತೀರಿ. ಸರಬರಾಜಾಗುವ ವಸ್ತುವಿನಲ್ಲಿ ಮಾತ್ರ ವ್ಯತ್ಯಾಸ ಕಂಡುಬಂದಿದ್ದು, ಸದರಿ ವ್ಯತ್ಯಾಸವು ತಾತ್ಕಾಲಿಕವಾಗಿರುತ್ತದೆ. ಸಹಕರಿಸಲು ಕೋರಿದೆ.'

ಈ ಉತ್ತರ ಓದಿದ ಲಾಂಡ್ರಿ ಅತ್ತೆ ಕಾಗದವನ್ನು ಮಡಚಿ ಇಸ್ತ್ರಿ ಪೆಟ್ಟಿಗೆಯ ಅಡಿಗಿಟ್ಟು, ನಲ್ಲಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. ದನಿ ಬರುವ ದಾರಿಯಲ್ಲಿ ದನಿ ಹೋಗಲೂ ಬೇಕಲ್ಲ ಎಂದು ಆಕೆಗೆ ಹೊಳೆದಿರಬೇಕು. ನಲ್ಲಿಗೆ ಬಾಯಿಟ್ಟು ಎದೆಯೊಡೆಯುವ ಹಾಗೆ ಕೂಗಿದಳು:

"ನೀರು ಬಿಡ್ರೋ... ಬಟ್ಟೆ ನಾರ್ತಾ ಇದಾವ್ರೋ..."

ಮೇಲೆ ಟ್ಯಾಂಕಿನಲ್ಲಿ 'ಮುಖ್ಯ ಕೊಳವೆ' ನಡೆಯುತ್ತಿತ್ತು. ಪೈಪಿನ ಬಾಯಿಂದ ಎದ್ದ ಆ ಕೂಗು ಟ್ಯಾಂಕನ್ನು ಸುತ್ತಲಾರಂಭಿಸಿತು. ಹೆಡ್‌ಫೋನಿನಲ್ಲಿ ಆ ದನಿ ಕೇಳಿದ್ದೇ ಅಳಿಯ ಅಭ್ಯಾಸಬಲದಿಂದ ಎದ್ದು ನಿಂತ. ಏನಾಯಿತೆಂದು ಮೀಟರ್ ಕೇಳಿದ.

"ನಮ್ಮತ್ತೆ."

"ಎಲ್ಲಿ?"

"ಪೈಪಲ್ಲಿ."

ಮುದ್ರಿಸಿದ್ದನ್ನು ಮತ್ತೆ ಹಾಕಿ ಕೇಳಿದರು. ಆ ಕೂಗು ದೂರದಿಂದ ಬರುತ್ತಾ, ಹತ್ತಿರವಾಗುತ್ತಾ, ತನ್ನನ್ನೇ ತಾನು ಹಿಂಬಾಲಿಸುತ್ತಾ, ಗಿಟಾರಿನ ಮೇಲೆ ಹತ್ತಿ ಕೂರುತ್ತಿತ್ತು. ಮೀಟರ್ ಅತ್ತುಬಿಟ್ಟ. ಫಿಟರ್ ಮೂಗು ಒರೆಸಿಕೊಂಡ. ಅಳಿಯ ಅಳಲಿಲ್ಲ, ಆದರೆ ಕೂರಲೂ ಇಲ್ಲ. ಮರುದಿನವೂ ಅದೇ ಹೊತ್ತಿಗೆ ಅತ್ತೆ ಕೂಗಿದಳು, ಅದರ ಮರುದಿನವೂ. ನೀರು ಬರಲಿಲ್ಲ, ಹಾಡು ಮುಗಿಯಿತು.

ಆಲ್ಬಮ್ ಅಚ್ಚಾಗಿ ಬಂತು. ಆರಂಭದಲ್ಲಿ ಒಂದೂ ಮಾರಾಟವಾಗಲಿಲ್ಲ. ಆಗ ಹೊಸ ಸಾಹೇಬರು ಒಂದು ನಿಯಮ ತಂದರು: ಹೊಸ ನಲ್ಲಿ ಸಂಪರ್ಕ ಕೋರುವವರು ಅರ್ಜಿಯೊಂದಿಗೆ ಸದರಿ ಆಲ್ಬಮಿನ ಪ್ರತಿಯನ್ನು ಖರೀದಿಸಿ, ಪೂರ್ತಿಯಾಗಿ ಆಲಿಸಿ, ಆಲಿಸಿದ್ದೇನೆಂದು ಬರೆದುಕೊಡತಕ್ಕದ್ದು. ಹೊಸ ಮನೆಗೆ ನಲ್ಲಿ ಹಾಕಿಸಬೇಕೆಂದು ಬಂದವರಲ್ಲಿ ಸಂಗೀತ ವಿಮರ್ಶಕರೊಬ್ಬರಿದ್ದರು. ಹಿರಿಯರು, ಬಹಳ ಓದಿಕೊಂಡವರು, ಯಾವುದನ್ನೂ ಸುಲಭಕ್ಕೆ ಮೆಚ್ಚದವರು. ನಿಯಮ ಅಂದರೆ ನಿಯಮ, ಅವರೂ ಕೂತು ಕೇಳಿದರು. ಮಾರನೆಯ ವಾರ ಪತ್ರಿಕೆಯಲ್ಲಿ ಅರ್ಧ ಪುಟ ಬರೆದರು. ನೀರು ಎಂದರೆ ಅರಿವು, ಬಟ್ಟೆ ಎಂದರೆ ಈ ದೇಹ, ನಾರುತ್ತಿರುವುದು ನಾವೆಲ್ಲರೂ, ಕೊನೆಯ ಹಾಡಿನ ದನಿ ಭೂಮಿಯ ಆಳದಿಂದಲೇ ಎದ್ದದ್ದು ಎಂಬುದು ಅದರ ಸಾರ. ತಮಗೆ ಇನ್ನು ನಲ್ಲಿ ಸಂಪರ್ಕ ಬೇಡವೆಂದೂ ಕೊನೆಯಲ್ಲಿ ತಿಳಿಸಿದ್ದರು. ಇಲಾಖೆ ಅದನ್ನು ಕೂಡಲೇ ಮಂಜೂರು ಮಾಡಿತು.

ಲೇಖನವನ್ನು ಅಳಿಯ ಅತ್ತೆಗೆ ಓದಿ ಹೇಳಿದ. ಆಕೆ ಚಾದರ ಹಿಂಡುತ್ತಲೇ ಕೇಳಿಸಿಕೊಂಡಳು.

"ಬಟ್ಟೆ ಅಂದ್ರೆ ಬಟ್ಟೆನೇ" ಎಂದಳು. "ಲಾಡ್ಜಿನ ಚಾದರ. ಬೇಕಾದ್ರೆ ಆ ಮಹಾರಾಯ್ರು ಬಂದು ಮೂಸಿ ನೋಡ್ಲಿ."

ಬಂದರು. ಅವರೊಬ್ಬರೇ ಅಲ್ಲ, ಅವರ ಹಿಂದೆ ಊರೂರಿನಿಂದ ಉದ್ದಕೂದಲಿನವರು, ಕೂದಲೇ ಇಲ್ಲದವರು, ಬಣ್ಣದ ಅಂಗಿಯವರು ಮೇಲಿನ ಬೀದಿಗೆ ಬಂದರು. ಬೆಳಿಗ್ಗೆ ನೀರಿನ ಹೊತ್ತಿಗೆ ನಲ್ಲಿಗಳಿಗೆ ಕಿವಿಯಿಟ್ಟು ಕೂತು, ಟ್ಯಾಂಕಿನಲ್ಲಿ ಮೀಟರನ ತಂಡ ನುಡಿಸುವುದನ್ನೂ ಲಾಂಡ್ರಿಯಿಂದ ಅತ್ತೆ ಕೂಗುವುದನ್ನೂ ಕಣ್ಮುಚ್ಚಿ ಕೇಳಿದರು. ಇಲಾಖೆಯಲ್ಲಿ 'ಧ್ವನಿ ಸರಬರಾಜು ಶಾಖೆ' ತೆರೆಯಿತು. ಹೊಸ ಸಾಹೇಬರು ಖಾಲಿ ಟ್ಯಾಂಕುಗಳ ಅಧ್ಯಯನಕ್ಕೆಂದು ಸಮುದ್ರ ತೀರದ ದೇಶಗಳಿಗೆ ಕುಟುಂಬಸಮೇತ ಹೋಗಿಬಂದರು. ವಿದ್ಯುತ್ ಇಲಾಖೆಯವರು ಹೊಟ್ಟೆಕಿಚ್ಚಿನಿಂದ ಒಂದು ಬೀದಿಗೆ ಕತ್ತಲೆ ಸರಬರಾಜು ಮಾಡಿ ನೋಡಿದರು. ಅದರಲ್ಲಿ ಹೊಸತೇನೂ ಇಲ್ಲವೆಂದು ಜನ ಗಮನಿಸಲೇ ಇಲ್ಲ.

ಇಷ್ಟೆಲ್ಲ ಆದರೂ ಲಾಂಡ್ರಿ ಅತ್ತೆಯ ಕಷ್ಟ ಮಾತ್ರ ಇಮ್ಮಡಿಯಾಯಿತು. ಬಂದವರೆಲ್ಲ ಉಳಿಯುತ್ತಿದ್ದದ್ದು ಅದೇ ಲಾಡ್ಜಿನಲ್ಲಿ. ಲಾಡ್ಜ್ ತುಂಬಿತು, ಚಾದರದ ಗಂಟುಗಳು ಅಂಗಡಿಯ ಮಾಡು ಮುಟ್ಟಿದವು. ಈ ವಾರದ ಗಂಟು ಈ ವಾರವೇ ಬರಬೇಕು, ಇಲ್ಲದಿದ್ದರೆ ಇದೇ ಕೊನೆ ಎಂದು ಮ್ಯಾನೇಜರ್ ಖುದ್ದಾಗಿ ಬಂದು ಹೇಳಿದ. ಆಕೆ ಸೀದಾ ಇಲಾಖೆಗೆ ಬಂದು, ನಿಮ್ಮ ಹಾಡಾಯಿತಲ್ಲ, ಇನ್ನಾದರೂ ನೀರು ಬಿಡಿ ಎಂದಳು. ನ್ಯಾಯವಾದ ಬೇಡಿಕೆಯಾದ್ದರಿಂದ ಸಮಿತಿ ರಚಿಸಲಾಯಿತು. ವಿಮರ್ಶಕರು ಅದರಲ್ಲಿ ತಜ್ಞ ಸದಸ್ಯರು. ಸಮಿತಿಯ ತೀರ್ಮಾನ ಹೀಗಿತ್ತು:

'ಕಲಾವಿದೆಯ ದನಿಯಲ್ಲಿರುವ ಆರ್ತತೆಯು ನೀರಿನ ಅಭಾವದಿಂದ ಉಂಟಾಗಿರುವುದು ಪರಿಶೀಲನೆಯಿಂದ ದೃಢಪಟ್ಟಿದೆ. ನೀರು ಬಿಟ್ಟಲ್ಲಿ ಆರ್ತತೆ ಕುಂದುವ, ಟ್ಯಾಂಕು ತುಂಬಿದಲ್ಲಿ ಪ್ರತಿಧ್ವನಿ ನಾಶವಾಗುವ ಸಂಭವವಿರುವುದರಿಂದ, ಪರಂಪರೆಯ ಹಿತದೃಷ್ಟಿಯಿಂದ ಕಲಾವಿದೆಗೆ ನೀರು ಕೊಡತಕ್ಕದ್ದಲ್ಲ. ಬದಲಾಗಿ ಫಲಕವೊಂದನ್ನು ಕೊಡಬಹುದು.'

ಫಲಕ ಕೊಡಲಾಯಿತು. ಹಿತ್ತಾಳೆಯದು, ಭಾರವಾಗಿದೆ. ಆಕೆ ಅದನ್ನು ಒದ್ದೆ ಬಟ್ಟೆ ಹಾರದಂತೆ ಮೇಲೆ ಇಡಲು ಬಳಸುತ್ತಾಳೆ.

ಫಲಕ ಕೊಟ್ಟ ಮರುದಿನ ಬೆಳಿಗ್ಗೆ ಲಾಂಡ್ರಿ ಅತ್ತೆ ಕೂಗಲಿಲ್ಲ. ಗಿಟಾರ್ ಬಂತು, ಪೈಪಿನ ಡ್ರಮ್ಮು ಬಂತು, ಆಕೆಯ ದನಿ ಬರಬೇಕಾದ ಜಾಗದಲ್ಲಿ ಬರೀ ಗಾಳಿ ಬಂತು. ನಲ್ಲಿಗೆ ಕಿವಿಯಿಟ್ಟು ಕೂತವರು ಒಬ್ಬರ ಮುಖ ಒಬ್ಬರು ನೋಡಿದರು. ಎರಡು ದಿನ ಕಳೆದರೆ ಹೊರದೇಶದ ಸಂಗೀತ ಪ್ರತಿನಿಧಿಗಳು ಬರುವವರಿದ್ದರು. ಹೊಸ ಸಾಹೇಬರು, ವಿಮರ್ಶಕರು, ಅಳಿಯ ಮತ್ತು ನಾನು ಲಾಂಡ್ರಿಗೆ ಧಾವಿಸಿದೆವು. ಕೂರಲು ಜಾಗವಿರಲಿಲ್ಲ. ಚಾದರದ ಗಂಟುಗಳ ನಡುವೆ ಮೂಗು ಮುಚ್ಚಿಕೊಳ್ಳಬೇಕೋ ಬೇಡವೋ ಎಂಬ ಸಂಕೋಚದಲ್ಲಿ ನಿಂತೆವು. ವಿಮರ್ಶಕರು ಒಂದು ಗಂಟಿನ ಹತ್ತಿರ ಉಸಿರೆಳೆದು, ಬಟ್ಟೆಯ ಬಗ್ಗೆ ತಮ್ಮ ಅಭಿಪ್ರಾಯವನ್ನು ಸ್ವಲ್ಪ ತಿದ್ದಿಕೊಂಡಂತೆ ಕಂಡರು.

"ಅತ್ತೆ, ದೊಡ್ಡೋರು ಬರ್ತಾ ಇದಾರೆ" ಎಂದರು ಸಾಹೇಬರು. "ಆವತ್ತು ಒಂದ್ಸಲ ಕೂಗಿಬಿಡಿ."

"ಗಂಟಲು ಒಣಗಿದೆ ಸ್ವಾಮಿ."

"ನೀರು ಕುಡೀರಿ."

"ಎಲ್ಲಿಂದ ತರ್ಲಿ?"

ಇದು ತಾಂತ್ರಿಕ ಪ್ರಶ್ನೆಯಾದ್ದರಿಂದ ವಿಮರ್ಶಕರು ಸಾಹೇಬರನ್ನು ನೋಡಿದರು. ಸಾಹೇಬರು ನನ್ನನ್ನು ನೋಡಿದರು, ನಾನು ಪ್ರಚಾರ ಶಾಖೆಯವನೆಂದು ನೆನಪಿಸಿದೆ. ಆಗ ಅಳಿಯ ಮದುವೆಯಾದಂದಿನಿಂದ ಮೊದಲ ಬಾರಿಗೆ ಅತ್ತೆಯ ಪರವಾಗಿ ಬಾಯಿ ತೆರೆದ. ಅವನ ಧೈರ್ಯ ಕಂಡು ನನಗೆ ನಿಜಕ್ಕೂ ಖುಷಿಯಾಯಿತು.

"ಸಾರ್, ಗಿಟಾರಿಗೆ ತಂತಿ ಕೊಡಿಸ್ತೀವಿ. ಅದು ಸಲಕರಣೆ. ಹಂಗೇ ಹಾಡೋರ ಗಂಟಲಿಗೆ ನೀರು ಕೊಟ್ರೆ ಅದು ಸರಬರಾಜಲ್ಲ ಸಾರ್, ಸಲಕರಣೆ ನಿರ್ವಹಣೆ."

ಸಾಹೇಬರ ಮುಖ ಬೆಳಗಿತು. ನಲ್ಲಿಯಲ್ಲಿ ಕೊಟ್ಟರೆ ತಾನೇ ಸಮಿತಿಯ ತೀರ್ಮಾನಕ್ಕೆ ಧಕ್ಕೆ. "ಗಂಟಲಿಗೆ ಎಷ್ಟು ಬೇಕಾಗುತ್ತೆ ಅತ್ತೆ?"

ಲಾಂಡ್ರಿ ಅತ್ತೆ ನಿಧಾನವಾಗಿ ತಿರುಗಿ, ಮಾಡು ಮುಟ್ಟಿದ್ದ ಗಂಟುಗಳನ್ನು ಬುಡದಿಂದ ತುದಿಯವರೆಗೆ ನೋಡಿದಳು.

"ದಿನಕ್ಕೊಂದು ಟ್ಯಾಂಕರ್."

"ದೊಡ್ಡ ದನಿ" ಎಂದು ಸಾಹೇಬರು ತಲೆದೂಗಿದರು. "ಬೇಕಾಗುತ್ತೆ."

ಸಾಹೇಬರ ಭಾವಮೈದನ ಬಳಿ ಒಂದು ಟ್ಯಾಂಕರ್ ಲಾರಿ ಸುಮ್ಮನೆ ನಿಂತಿತ್ತು. ಅದು ಸುಮ್ಮನೆ ನಿಂತಿದ್ದು ಒಳ್ಳೆಯದೇ ಆಯಿತು. ಸಂಜೆಯೊಳಗೆ 'ಕಂಠ ಸಂರಕ್ಷಣಾ ಯೋಜನೆ' ಎಂದು ಬರೆಸಿಕೊಂಡು ಅದು ಲಾಂಡ್ರಿಯ ಮುಂದೆ ಬಂದು ನಿಂತಿತು. ಅತ್ತೆ ಎರಡು ದಿನ ಎಡೆಬಿಡದೆ ಒಗೆದಳು. ಲಾಡ್ಜಿನ ಚಾದರಗಳು ಬೀದಿಯುದ್ದಕ್ಕೂ ಬೆಳ್ಳಗೆ ಹಾರಾಡಿದವು. ಮೂರನೇ ದಿನ ಬೆಳಿಗ್ಗೆ, ತುಂಬಿದ ತೊಟ್ಟಿಯ ಪಕ್ಕ ಕೂತು, ಪ್ರತಿನಿಧಿಗಳ ಎದುರು, ಬಟ್ಟೆ ನಾರುತ್ತಿವೆಯೆಂದು ಆಕೆ ಕೂಗಿದ ಕೂಗಿಗೆ ಒಬ್ಬರು ಎದೆ ಹಿಡಿದುಕೊಂಡು ಅಲ್ಲೇ ಕುಸಿದು ಕೂತರು. ಹೊಟ್ಟೆ ತುಂಬಿದವನಿಗೇ ಹಸಿವಿನ ಹಾಡು ಚೆನ್ನಾಗಿ ಬರುತ್ತದೆ ಎಂಬುದು ಅಂದು ಸಮಿತಿಯ ಗಮನಕ್ಕೆ ಬಂತು.

ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ. ಟ್ಯಾಂಕರ್ ಕಂಡ ಮೇಲಿನ ಬೀದಿಯವರು ಒಬ್ಬೊಬ್ಬರಾಗಿ ಇಲಾಖೆಗೆ ಬಂದು, ತಮಗೂ ಚಿಕ್ಕಂದಿನಿಂದ ಹಾಡುವ ಆಸೆ ಇತ್ತು ಎಂದರು. ಹಿಮ್ಮೇಳದ ಗಾಯಕರಾಗಿ ನೋಂದಾಯಿಸಿಕೊಂಡರೆ ಕಂಠ ಸಂರಕ್ಷಣೆ ಅವರಿಗೂ ಅನ್ವಯಿಸುತ್ತಿತ್ತು. ಆಯ್ಕೆ ಪರೀಕ್ಷೆ ಕಟ್ಟುನಿಟ್ಟಾಗಿ ನಡೆಯಿತು. ಅಭ್ಯರ್ಥಿಯು ನಲ್ಲಿಗೆ ಬಾಯಿಟ್ಟು ನೀರಿಲ್ಲವೆಂದು ಕೂಗಬೇಕು, ವಿಮರ್ಶಕರು ಟ್ಯಾಂಕಿನಲ್ಲಿ ಕೂತು ಸಂಕಟವನ್ನು ಅಳೆಯಬೇಕು. ಕ್ಷೌರಿಕ ಉತ್ತೀರ್ಣನಾದ. ದರ್ಜಿ ಮತ್ತು ಅವನ ಹೆಂಡತಿ ಪರಸ್ಪರ ಬೈದುಕೊಂಡಿದ್ದರಿಂದ ಯುಗಳ ಗಾಯನದ ವಿಭಾಗಕ್ಕೆ ಆಯ್ಕೆಯಾದರು. ನಿವೃತ್ತ ಮೇಷ್ಟರೊಬ್ಬರ ದನಿಯಲ್ಲಿ ತೃಪ್ತಿ ಕಂಡುಬಂದದ್ದರಿಂದ, ಒಂದು ವಾರ ಸ್ನಾನವಿಲ್ಲದೆ ಇದ್ದು ಮತ್ತೆ ಬರುವಂತೆ ಸೂಚಿಸಲಾಯಿತು. ತೊಟ್ಟಿಲ ಕೂಸೊಂದು ಯಾವ ತಯಾರಿಯೂ ಇಲ್ಲದೆ ಪ್ರಥಮ ದರ್ಜೆಯಲ್ಲಿ ಪಾಸಾಯಿತು. ಭಾವಮೈದನ ಟ್ಯಾಂಕರುಗಳು ಒಂದಿದ್ದದ್ದು ಬೀದಿ ತುಂಬ ಆದವು.

ಪರಿಣಾಮವಾಗಿ ಇಂದು ಮೇಲಿನ ಬೀದಿಯಲ್ಲಿ ಇರುವಷ್ಟು ನೀರು ಊರಿನ ಬೇರೆಲ್ಲೂ ಇಲ್ಲ. ಮೊದಲು ನಲ್ಲಿಯಲ್ಲಿ ದಿನ ಬಿಟ್ಟು ದಿನ, ಅದೂ ಅರ್ಧ ಗಂಟೆ, ಬೆರಳಿನಷ್ಟು ದಪ್ಪಕ್ಕೆ ಬರುತ್ತಿತ್ತು. ಈಗ ಬಾಗಿಲಿಗೇ ಬಂದು ತುಂಬಿಸಿ ಹೋಗುತ್ತಾರೆ. ಕರಾರು ಒಂದೇ. ಬೆಳಿಗ್ಗೆ ನಿಗದಿತ ವೇಳೆಗೆ ಎಲ್ಲರೂ ನಲ್ಲಿ ತಿರುಗಿಸಿ ನೀರಿಲ್ಲವೆಂದು ಕೂಗಬೇಕು. ಕಂಠ ನಿರೀಕ್ಷಕರು ಮನೆಮನೆಗೆ ಬಂದು, ಸಂಕಟ ಸಾಕಷ್ಟಿದೆಯೇ ಎಂದು ಪರೀಕ್ಷಿಸಿ, ನಲ್ಲಿ ಒಣಗಿದೆಯೆಂದು ಬರೆದುಕೊಳ್ಳುತ್ತಾರೆ. ನಲ್ಲಿಯಲ್ಲಿ ನೀರು ಬಂದ ಮನೆಗೆ ಅಂದಿನಿಂದಲೇ ಟ್ಯಾಂಕರ್ ನಿಲ್ಲುತ್ತದೆ. ಇದನ್ನೆಲ್ಲ ನೋಡಿದ ಕೆಳಗಿನ ಬೀದಿಯವರು ಮೆರವಣಿಗೆಯಲ್ಲಿ ಬಂದು, ನಮ್ಮ ಬೀದಿಗೂ ನೀರು ನಿಲ್ಲಿಸಿ, ನಮಗೇಕೆ ಈ ತಾರತಮ್ಯ ಎಂದು ಮನವಿ ಸಲ್ಲಿಸಿದ್ದಾರೆ. ಹಂತಹಂತವಾಗಿ ನಿಲ್ಲಿಸುವ ಭರವಸೆಯನ್ನು ಇಲಾಖೆ ನೀಡಿದೆ.

ಇನ್ನು ವಾರ್ಷಿಕೋತ್ಸವ. ಅದಕ್ಕೆ ಮುಖ್ಯ ಅತಿಥಿಯಾಗಿ ಹಿಂದಿನ ಸಾಹೇಬರನ್ನೇ ಕರೆಸಲಾಗಿತ್ತು. ಟ್ಯಾಂಕು ಬರಿದು ಮಾಡಿಸಿದವರು ಅವರೇ ಆದ್ದರಿಂದ ಆಲ್ಬಮಿನ ಮೂಲಪುರುಷರೂ ಅವರೇ. ವೃದ್ಧರಾಗಿದ್ದಾರೆ, ಕನ್ನಡಕ ಮನೆಯಲ್ಲೇ ಮರೆತು ಬಂದಿದ್ದರು. ಅವರ ಮುಂದೆ ಅಭಿಮಾನಿಗಳು ಹಸ್ತಾಕ್ಷರಕ್ಕೆ ಮುಗಿಬಿದ್ದಿದ್ದರು. ಚಾಚಿದ ಕಾಗದಕ್ಕೆಲ್ಲ ಅವರು ನಗುನಗುತ್ತಾ ಸಹಿ ಹಾಕಿದರು. ಅವುಗಳ ನಡುವೆ, ವರ್ಷಗಳಿಂದ ಸಹಿಗಾಗಿ ಕಾದಿದ್ದ ಸ್ವಚ್ಛತಾ ಪ್ರಮಾಣಪತ್ರವನ್ನು ನಮ್ಮ ಕಚೇರಿಯ ಶಿಸ್ತಿನ ಗುಮಾಸ್ತರೊಬ್ಬರು ಚಾಚಿದರು. ಅದಕ್ಕೂ ಸಹಿ ಬಿತ್ತು. ಕೊಳೆಯನ್ನು ಕಣ್ಣಾರೆ ಕಂಡಿದ್ದ ಅಧಿಕಾರಿಯ ಸಹಿ ಅದು. ಅದನ್ನು ಮೀರುವ ಸಹಿ ಬೇರಿಲ್ಲ. ಸಹಿಯಾದ ಕೂಡಲೇ ನೀರು ಬಿಡತಕ್ಕದ್ದೆಂದು ನಿಯಮವಿದೆ. ಪಂಪ್ ಮನೆಗೆ ಫೋನ್ ಹೋಯಿತು, ಪಂಪ್ ಚಾಲೂ ಆಯಿತು.

ಟ್ಯಾಂಕಿನಲ್ಲಿ ಮೀಟರನ ತಂಡ 'ಮುಖ್ಯ ಕೊಳವೆ'ಯ ನಟ್ಟನಡುವೆ ಇತ್ತು. ಫಿಟರನ ಕಾಲು ತಣ್ಣಗಾಯಿತು. ಅವನು ಕೆಳಗೆ ನೋಡಿದ, ಮೀಟರನನ್ನು ನೋಡಿದ, ಬಾರಿಸುವುದನ್ನು ನಿಲ್ಲಿಸಲಿಲ್ಲ. ಸಂಕಟಕಾಲದಲ್ಲಿ ಹುದ್ದೆ ಬಿಟ್ಟು ಓಡಿದ ಅಪವಾದ ನಮ್ಮ ಸಿಬ್ಬಂದಿಯ ಮೇಲೆ ಎಂದೂ ಇಲ್ಲ. ನೀರು ಪಾದ ಮುಳುಗಿಸಿ, ಮುಖ್ಯ ಪೈಪನ್ನು ಹೊಕ್ಕು, ಮೇಲಿನ ಬೀದಿಗೆ ಇಳಿಯಿತು.

ಬೀದಿಯಲ್ಲಿ ಆಗ ಕೂಗುವ ವೇಳೆ. ಎಲ್ಲ ನಲ್ಲಿಗಳೂ ತೆರೆದಿದ್ದವು. ಮೊದಲು ಗೊರಗೊರ ಸದ್ದಾಯಿತು, ಆಮೇಲೆ ಕ್ಷೌರಿಕನ ಮುಖಕ್ಕೆ ಕೆಂಪು ನೀರು ಚಿಮ್ಮಿತು, ಅದರ ಹಿಂದೆಯೇ ತಿಳಿನೀರು ಬಂತು. ಅಷ್ಟು ವರ್ಷ ಆ ಬೀದಿ ಕೇಳಿದ್ದ ನೀರು. ಯಾರೂ ಬಕೆಟ್ ಹಿಡಿಯಲಿಲ್ಲ. ದರ್ಜಿ ನಲ್ಲಿಯ ಬಾಯಿಗೆ ಬಟ್ಟೆಯ ಚೂರು ತುರುಕಿದ, ಅವನ ಹೆಂಡತಿ ಅದರ ಮೇಲೆ ಕೂತಳು. ಮೇಷ್ಟರು ಹೆಬ್ಬೆರಳಿಟ್ಟು ನಿಂತರು, ಅವರ ದನಿಯಲ್ಲಿ ಮೊದಲ ಬಾರಿಗೆ ನಿಜವಾದ ಸಂಕಟ ಕೇಳಿಸಿತು. ಮನೆಮನೆಯಿಂದಲೂ ನೀರಿಲ್ಲ ನೀರಿಲ್ಲ ಎಂಬ ಕೂಗು ಎಂದಿಗಿಂತ ಜೋರಾಗಿ ಎದ್ದಿತು. ಸಮಾರಂಭಕ್ಕೆಂದು ಟ್ಯಾಂಕಿನಿಂದ ಇಳಿದು ಬಂದಿದ್ದ ಅಳಿಯ ಹೆಡ್‌ಫೋನ್ ಹಾಕಿ, ರಸ್ತೆಗೆ ಮೈಕು ಹಚ್ಚಿ ಆಲಿಸಿದ. ನೆಲದಡಿಯಲ್ಲಿ ಕೇಳಿಬರುತ್ತಿರುವ ನೀರಿನ ಸದ್ದು ಹಿಮ್ಮೇಳದವರ ಅದ್ಭುತ ಅನುಕರಣೆ ಎಂದು ಅವನು ಸಾಹೇಬರಿಗೆ ವರದಿ ಮಾಡಿದ. ಅದು ಎರಡನೇ ಆಲ್ಬಮಿನ ಮೊದಲ ಹಾಡಾಗಲಿದೆ.

ಕಂಠ ನಿರೀಕ್ಷಕರು ಒಂದೊಂದೇ ಮನೆ ಮುಗಿಸಿ, ಪ್ಯಾಂಟನ್ನು ಮೊಣಕಾಲಿಗೆ ಮಡಚಿಕೊಂಡು, ಬೂಟು ಕೈಯಲ್ಲಿ ಹಿಡಿದು, ಹರಿಯುವ ಬೀದಿಯನ್ನು ದಾಟಿ ಲಾಂಡ್ರಿಗೆ ಬಂದರು. ನಾನೂ ಅವರ ಹಿಂದಿದ್ದೆ. ಲಾಂಡ್ರಿ ಅತ್ತೆ ಎರಡೂ ಅಂಗೈಗಳಿಂದ ನಲ್ಲಿಯನ್ನು ಅದುಮಿ ಹಿಡಿದು ನಿಂತಿದ್ದಳು. ಬೆರಳುಗಳ ಸಂದಿಯಿಂದ ನೀರು ಕೊಡೆಯಂತೆ ಅರಳಿ, ಆಕೆಯ ಮುಖ, ಸೆರಗು, ಹಿತ್ತಾಳೆಯ ಫಲಕ ಎಲ್ಲವನ್ನೂ ತೋಯಿಸುತ್ತಿತ್ತು. ಒಂದು ಗಳಿಗೆ ಆಕೆ ಆ ನೀರನ್ನು, ಹಳೆಯ ನೆಂಟರನ್ನು ನೋಡುವ ಹಾಗೆ ನೋಡಿದಳು. ಆಮೇಲೆ ಇನ್ನಷ್ಟು ಬಿಗಿಯಾಗಿ ಹಿಡಿದಳು.

"ಅತ್ತೆ, ನಲ್ಲೀಲಿ ನೀರೇನಾದ್ರೂ ಬಂತಾ?" ಎಂದು ನಿರೀಕ್ಷಕರು ಕಣ್ಣಿಗೆ ಬಿದ್ದ ಹನಿ ಒರೆಸಿಕೊಳ್ಳುತ್ತಾ ಕೇಳಿದರು.

"ನೀರಾ?" ಎಂದಳು ಆಕೆ. "ನಮ್ಮ ಬೀದಿಗೆ ಎಲ್ಲಿ ಬರುತ್ತೆ ಸ್ವಾಮಿ."

ನಿರೀಕ್ಷಕರು ತಲೆಯಾಡಿಸಿ, ಎಂದಿನಂತೆ ಒಣಗಿದೆ ಎಂದು ಬರೆದುಕೊಂಡರು. ವರದಿಯ ಶಾಯಿ ಅಲ್ಲಲ್ಲಿ ಹರಡಿದೆ. ಓದಲು ತೊಂದರೆಯಿಲ್ಲ.